ಕಿವಿ ಮೆಷಿನ್ (ಹಿಯರಿಂಗ್ ಏಡ್) ತಗೊಳ್ಳೋ ಮುಂಚೆ ಎಲ್ರೂ ಕೇಳೋ ಪ್ರಶ್ನೆಗಳು

ಮನೇಲಿ ಯಾರಿಗಾದ್ರೂ ಕಿವಿ ಮಂದ ಆಗಿದೆ ಅಂತ ಗೊತ್ತಾದ ತಕ್ಷಣ ಎಲ್ರೂ ಕೇಳೋದು "ಯಾವ ಕಂಪನಿದು ಚೆನ್ನಾಗಿದೆ, ಎಷ್ಟಾಗುತ್ತೆ?" ಅಂತ. ನನ್ನ ಪ್ರಕಾರ ಅದು ಕೊನೇಲಿ ಕೇಳಬೇಕಾದ ಪ್ರಶ್ನೆ. ಮೊದಲು ಟೆಸ್ಟ್ ಯಾರು ಮಾಡ್ತಾರೆ, ಸೆಟ್ಟಿಂಗ್ ಯಾರು ಮಾಡ್ತಾರೆ, ಆಮೇಲೆ ಅದನ್ನ ದಿನಾ ಹಾಕ್ಕೋತಾರಾ ಅನ್ನೋದು. ನಮ್ಮಮ್ಮನಿಗೆ ಎರಡೂ ಕಿವಿಗೆ ಮೆಷಿನ್ ಇದೆ, ನೆಂಟರಿಷ್ಟರು ಅಂತ ನಾಲ್ಕೈದು ಜನರ ಜೊತೆ ಆಡಿಯಾಲಜಿಸ್ಟ್ (ಕಿವಿ ಟೆಸ್ಟ್ ಮಾಡಿ ಮೆಷಿನ್ ಸೆಟ್ ಮಾಡೋ ತಜ್ಞರು) ಹತ್ರ ಓಡಾಡಿದ್ದೀನಿ, ಅಲ್ಲಿ ಕೇಳಿ ತಿಳ್ಕೊಂಡಿದ್ದನ್ನೇ ಇಲ್ಲಿ ಹಾಕ್ತಿದೀನಿ.

ಈ ಮೆಷಿನ್ ಒಳಗೆ ಏನಿರುತ್ತೆ, ಹೇಗೆ ಕೆಲಸ ಮಾಡುತ್ತೆ?

ಒಂದು ಮೈಕ್ (ಈಗಿನ ಬಹಳಷ್ಟು ಮೆಷಿನ್‌ನಲ್ಲಿ ಎರಡು), ಒಂದು ಚಿಪ್, ಒಂದು ಪುಟ್ಟ ಸ್ಪೀಕರ್, ಬ್ಯಾಟರಿ, ಅಷ್ಟೇ. ಸ್ಪೀಕರ್‌ಗೆ ಈ ಫೀಲ್ಡಲ್ಲಿ ರಿಸೀವರ್ ಅಂತಾರೆ, ಹಾಗಾಗಿ ಅಂಗಡೀಲಿ "ರಿಸೀವರ್ ಹೋಗಿದೆ" ಅಂದ್ರೆ ಸ್ಪೀಕರ್ ಹೋಗಿದೆ ಅಂತ ಅರ್ಥ. ಮೈಕ್ ಹೊರಗಿನ ಸೌಂಡ್ ಹಿಡಿಯುತ್ತೆ, ಚಿಪ್ ಅದನ್ನ ನಂಬರ್‌ಗಳಾಗಿ ಮಾಡಿ, ಕೆಳಸ್ಥಾಯಿ (ದಪ್ಪ ದನಿ), ಮೇಲ್ಸ್ಥಾಯಿ (ಕೀರಲು ದನಿ) ಅಂತ ಬೇರೆ ಬೇರೆ ಪಟ್ಟಿಗಳಾಗಿ ಒಡೆದು, ನಿಮ್ಮ ಕಿವಿಗೆ ಯಾವುದು ಕೇಳಲ್ವೋ ಅದನ್ನ ಮಾತ್ರ ಎಷ್ಟು ಬೇಕೋ ಅಷ್ಟು ಏರಿಸಿ ರಿಸೀವರ್‌ಗೆ ಕೊಡುತ್ತೆ. ಹಳೇ ಅನಲಾಗ್ ಮೆಷಿನ್ ಎಲ್ಲವನ್ನೂ ಹೆಚ್ಚುಕಮ್ಮಿ ಒಂದೇ ಸಮ ಜೋರು ಮಾಡ್ತಿತ್ತು, ಅದಕ್ಕೇ ಹಿಂದಿನ ಕಾಲದವರು ಹಾಕ್ಕೊಂಡು ಎರಡು ದಿನದಲ್ಲಿ ತೆಗೆದು ಬೀರುಲಿ ಇಡ್ತಿದ್ದಿದ್ದು. ಕಿವಿ ಹಿಂದೆ ಹಾಕೋ, ಒಳಗೆ ಹಾಕೋ ಪೂರ್ತಿ ಡಿಜಿಟಲ್ ಮೆಷಿನ್ ಮಾರ್ಕೆಟ್‌ಗೆ ಬಂದಿದ್ದೇ 1996ರಲ್ಲಿ.

ಇನ್ನೊಂದು ಕೆಲಸಾನೂ ಮಾಡುತ್ತೆ, ಇದನ್ನ ಯಾರೂ ಹೇಳಲ್ಲ. ಮೆಲ್ಲಗಿರೋ ಸೌಂಡನ್ನ ಜಾಸ್ತಿ ಏರಿಸುತ್ತೆ, ಮೊದಲೇ ಜೋರಾಗಿರೋದನ್ನ ಕಮ್ಮಿ ಏರಿಸುತ್ತೆ. ಇದಕ್ಕೆ ಕಂಪ್ರೆಷನ್ ಅಂತಾರೆ. ಕಿವಿ ಮಂದ ಆದವರಿಗೆ ಮೆಲ್ಲಗಿನ ಮಾತು ಕೇಳಲ್ಲ, ಆದ್ರೆ ಪಟಾಕಿ ಸದ್ದು ನಮಗೆ ಎಷ್ಟು ಜೋರೋ ಅವರಿಗೂ ಅಷ್ಟೇ ಜೋರು, ಎಷ್ಟೋ ಸಲ ಇನ್ನೂ ಜಾಸ್ತೀನೇ ಹಿಂಸೆ. ಆ ಎರಡರ ನಡುವೆ ಇರೋ ಜಾಗ ಕಿರಿದಾಗಿರುತ್ತೆ, ಅದರೊಳಗೆ ಇಡೀ ಲೋಕದ ಸೌಂಡ್ ಕೂರಿಸಬೇಕು.

ಅಪ್ಪಂಗೆ ಸೌಂಡ್ ಕೇಳುತ್ತೆ, ಆದ್ರೆ ಏನ್ ಹೇಳಿದ್ವಿ ಅಂತ ಗೊತ್ತಾಗಲ್ಲ. ಬೇಕಂತಲೇ ಹಾಗೆ ಮಾಡ್ತಾರಾ?

ಇಲ್ಲ ಮಾರಾಯ್ರೆ. ವಯಸ್ಸಾದಾಗ ಬರೋ ಕಿವಿ ಮಂದದ ಲಕ್ಷಣಾನೇ ಇದು. ಒಳಕಿವೀಲಿ ಬಸವನಹುಳು ಆಕಾರದ ಒಂದು ಭಾಗ ಇದೆ, ಅದರೊಳಗೆ ಕೂದಲಿನಂಥ ಕೋಶಗಳು ಇರ್ತವೆ, ಹೋದ್ರೆ ಮತ್ತೆ ಹುಟ್ಟಲ್ಲ. ಮೇಲ್ಸ್ಥಾಯಿ ಹಿಡಿಯೋ ಕೋಶಗಳು ಮೊದಲು ಹೋಗ್ತವೆ. ಮಾತಲ್ಲಿ ಅ, ಆ, ಓ ಥರದ ಸ್ವರಗಳು ಕೆಳಸ್ಥಾಯಿಯವು, ಜೋರಾಗೂ ಇರ್ತವೆ, ಆದ್ರೆ ಸ, ಶ, ತ, ಕ, ಪ ಇವೆಲ್ಲ ಮೇಲ್ಸ್ಥಾಯಿಯವು, ಬಲಾನೂ ಕಮ್ಮಿ. ಹಾಗಾಗಿ ಪದದ ಸದ್ದು ಬರುತ್ತೆ ಅಕ್ಷರ ಬರಲ್ಲ, "ತಟ್ಟೆ ತಗೊಂಬಾ" ಅಂದ್ರೆ "ಯಾವ ಕಟ್ಟೆ?" ಅಂತಾರೆ, "ತಪ್ಪು" ಅಂದ್ರೆ "ಕಪ್ಪು" ಅಂದ್ಕೋತಾರೆ. ನಾವು ಕಿರುಚಿದ್ರೆ ಏನಾಗುತ್ತೆ, ಮೊದಲೇ ಕೇಳ್ತಿದ್ದ ಸ್ವರ ಇನ್ನೂ ಜೋರಾಗುತ್ತೆ, ವ್ಯಂಜನ ಅಲ್ಲೇ ಇರುತ್ತೆ. ಆಮೇಲೆ "ಯಾಕೆ ಹಂಗೆ ಕೂಗ್ತೀಯ" ಅಂತ ಅವರೇ ಬೈತಾರೆ, ಅದೂ ನ್ಯಾಯವೇ. ಎದುರಿಗೆ ಬಂದು, ಮುಖ ಕಾಣೋ ಹಾಗೆ, ಸ್ವಲ್ಪ ನಿಧಾನವಾಗಿ ಹೇಳಿ, ಅಡುಗೆಮನೆಯಿಂದ ಕೂಗಬೇಡಿ.

ಟೆಸ್ಟ್ ಎಲ್ಲಿ ಮಾಡಿಸೋದು? ಅಂಗಡೀಲಿ ಫ್ರೀ ಟೆಸ್ಟ್ ಅಂತ ಬೋರ್ಡ್ ಇದೆ.

ಮೊದಲು ಇಎನ್‌ಟಿ ಡಾಕ್ಟರ್. ಬರೀ ಗುಗ್ಗೆ ಕಟ್ಕೊಂಡು ಕೇಳದೇ ಇರೋರೂ ಇದ್ದಾರೆ, ಕಿವಿ ತಮಟೆ ತೂತಾಗಿರೋರು, ಕಿವಿ ಸೋರೋರು ಇದ್ದಾರೆ, ಅವರಿಗೆ ಔಷಧಿ ಅಥವಾ ಆಪರೇಷನ್‌ನಲ್ಲೇ ಸರಿಹೋಗಬಹುದು. ಆಮೇಲೆ ಆಡಿಯಾಲಜಿಸ್ಟ್. ಸೌಂಡ್‌ಪ್ರೂಫ್ ರೂಮಲ್ಲಿ ಹೆಡ್‌ಫೋನ್ ಹಾಕಿ ಬೀಪ್ ಕೇಳಿಸ್ತಾರೆ, ಕೇಳಿದಾಗ ಬಟನ್ ಒತ್ತಬೇಕು. ರಿಪೋರ್ಟಲ್ಲಿ ಒಂದು ಗ್ರಾಫ್ ಬರುತ್ತೆ, ಕೆಂಪು ಸೊನ್ನೆ ಬಲಗಿವಿ, ನೀಲಿ ಇಂಟು ಮಾರ್ಕು ಎಡಗಿವಿ, ಗೆರೆ ಕೆಳಗಿಳಿದಷ್ಟೂ ಕೇಳೋದು ಕಮ್ಮಿ. ಆ ಕಾಗದಾನ ಜೋಪಾನವಾಗಿಡಿ, ಪ್ರತಿ ಸಲ ಕೇಳ್ತಾರೆ.

ಬೀಪ್ ಟೆಸ್ಟ್ ಸಾಲದು, ಮಾತಿನ ಟೆಸ್ಟೂ ಮಾಡಿಸಿ. ಪದ ಹೇಳ್ತಾರೆ, ನೀವು ವಾಪಸ್ ಹೇಳಬೇಕು. ಇದಕ್ಕೆ ಕನ್ನಡದಲ್ಲೇ ತಯಾರಿಸಿದ ಪದಪಟ್ಟಿಗಳಿವೆ, "ಕನ್ನಡದಲ್ಲೇ ಮಾಡಿ" ಅಂತ ಬಾಯ್ಬಿಟ್ಟು ಕೇಳಿ, ಯಾಕಂದ್ರೆ ಬೆಂಗಳೂರಲ್ಲಿ ಕೆಲವು ಕಡೆ ಇಂಗ್ಲಿಷ್ ಪದ ಹೇಳಿ ಹಳ್ಳಿಯಿಂದ ಬಂದ ಅಜ್ಜಿಗೆ ಸ್ಕೋರ್ ಕಮ್ಮಿ ಅಂತ ಬರ್ದುಬಿಡ್ತಾರೆ. ಟೆಸ್ಟ್ ಮಾಡೋರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ರಿಜಿಸ್ಟ್ರೇಷನ್ ಇದೆಯಾ ನೋಡಿ, ಗೋಡೆ ಮೇಲೆ ಸರ್ಟಿಫಿಕೇಟ್ ಇರಬೇಕು. ಗದ್ದಲದ ಅಂಗಡೀಲಿ ಬಾಗಿಲು ತೆಗೆದಿಟ್ಟು ಮಾಡೋ ಫ್ರೀ ಟೆಸ್ಟನ್ನ ನಂಬ್ಕೊಂಡು ದುಡ್ಡು ಕೊಡಬೇಡಿ.

ಕರ್ನಾಟಕದಲ್ಲಿ ಇದಕ್ಕೆ ದೊಡ್ಡ ಜಾಗ ಅಂದ್ರೆ ಮೈಸೂರಿನ ಮಾನಸಗಂಗೋತ್ರಿಲಿರೋ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, 1965ರಲ್ಲಿ ಶುರುವಾಗಿದ್ದು, ಕೇಂದ್ರ ಸರ್ಕಾರದ್ದು. ಜನ ಸೇರ್ತಾರೆ, ಕಾಯಬೇಕು, ಆದ್ರೆ ಟೆಸ್ಟಿಂದ ಹಿಡಿದು ಕಿವಿ ಅಚ್ಚು ಮಾಡೋವರೆಗೂ ಒಂದೇ ಕಡೆ ಆಗುತ್ತೆ.

ಎಷ್ಟು ಡೆಸಿಬೆಲ್ ಇದ್ರೆ ಮೆಷಿನ್ ಬೇಕು?

ಡೆಸಿಬೆಲ್ ಅಂದ್ರೆ ಸೌಂಡ್ ಎಷ್ಟು ಜೋರು ಅನ್ನೋ ಅಳತೆ, ರಿಪೋರ್ಟಲ್ಲಿ ಬರೆಯೋದು ಎಷ್ಟು ಜೋರಿದ್ರೆ ನಿಮಗೆ ಕೇಳೋಕೆ ಶುರುವಾಗುತ್ತೆ ಅನ್ನೋದನ್ನ. ಸಾಮಾನ್ಯವಾಗಿ ಕ್ಲಿನಿಕ್‌ಗಳಲ್ಲಿ 26ರಿಂದ 40 ಅಲ್ಪ, 41ರಿಂದ 55 ಮಧ್ಯಮ, 56ರಿಂದ 70 ಅದಕ್ಕಿಂತ ಸ್ವಲ್ಪ ಜಾಸ್ತಿ, 71ರಿಂದ 90 ತೀವ್ರ, ಅದರ ಮೇಲೆ ಅತಿ ತೀವ್ರ ಅಂತ ಬರೀತಾರೆ. ಇದನ್ನ ಪರ್ಸೆಂಟೇಜ್ ಅಂದ್ಕೋಬೇಡಿ, 50 ಡೆಸಿಬೆಲ್ ಅಂದ್ರೆ ಅರ್ಧ ಕಿವಿ ಹೋಗಿದೆ ಅಂತಲ್ಲ. ಮಧ್ಯಮ ದಾಟಿದ್ರೆ ಹಾಕೋದೇ ಒಳ್ಳೇದು, ಅಲ್ಪ ಇದ್ರೂ ಪಾಠ ಮಾಡೋರು, ಮೀಟಿಂಗ್ ಇರೋರು ಹಾಕ್ಕೋತಾರೆ. ತುಂಬಾ ವರ್ಷ ಬಿಟ್ರೆ ಮಾತು ಬಿಡಿಸಿ ಅರ್ಥ ಮಾಡ್ಕೊಳ್ಳೋ ಅಭ್ಯಾಸ ತಪ್ಪುತ್ತೆ, ಆಮೇಲೆ ಎಂಥ ಮೆಷಿನ್ ಹಾಕಿದ್ರೂ ಹೊಂದ್ಕೊಳ್ಳೋದು ಕಷ್ಟ.

ಎಷ್ಟು ಥರ ಇದೆ? ಯಾವುದು ಯಾರಿಗೆ?

ಹಳೇದರಿಂದ ಶುರು ಮಾಡೋಣ. ಪಾಕೆಟ್ ಮಾಡೆಲ್, ಅಂದ್ರೆ ಶರ್ಟ್ ಜೇಬಲ್ಲಿ ಡಬ್ಬಿ, ಅಲ್ಲಿಂದ ಕಿವಿಗೆ ವೈರು. ಅಗ್ಗ, ಪೆನ್ಸಿಲ್ ಸೆಲ್ಲಲ್ಲೇ ನಡೆಯುತ್ತೆ, ಗುಂಡಿ ದೊಡ್ಡದು, ಕೈ ನಡುಗೋರಿಗೆ ಅನುಕೂಲ. ಆದ್ರೆ ಮೈಕ್ ಎದೆ ಮೇಲಿರೋದ್ರಿಂದ ಬಟ್ಟೆ ಉಜ್ಜೋ ಸದ್ದೆಲ್ಲ ಕಿವಿಗೆ ಬರುತ್ತೆ, ಸೌಂಡ್ ಯಾವ ಕಡೆಯಿಂದ ಬಂತು ಅಂತ ಗೊತ್ತಾಗಲ್ಲ.

ಬಿಟಿಇ ಅಂದ್ರೆ ಕಿವಿ ಹಿಂದೆ ಕೂರೋದು. ಮೆಷಿನ್ ಹಿಂದೆ, ಅಲ್ಲಿಂದ ಒಂದು ಟ್ಯೂಬು, ಟ್ಯೂಬಿನ ತುದೀಲಿ ನಿಮ್ಮ ಕಿವಿ ಅಳತೆಗೇ ಮಾಡಿದ ಅಚ್ಚು. ಅಲ್ಪದಿಂದ ಅತಿ ತೀವ್ರದವರೆಗೂ ಎಲ್ಲಕ್ಕೂ ಸಿಗುತ್ತೆ, ಮಕ್ಕಳಿಗೆ ಇದೇ ಹಾಕೋದು, ರಿಪೇರಿ ಸುಲಭ. ನೋಡೋಕೆ ಸ್ವಲ್ಪ ದಪ್ಪ ಅಂತ ಬೇಡ ಅನ್ನೋರು ಜಾಸ್ತಿ, ಆದ್ರೆ ಜಾಸ್ತಿ ಕೇಳದೇ ಇರೋರಿಗೆ ಇದಕ್ಕಿಂತ ನಂಬಿಕಸ್ತ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಆರ್‌ಐಸಿ ಅನ್ನೋದು ಅದರ ತಮ್ಮ. ಮೆಷಿನ್ ಕಿವಿ ಹಿಂದೇನೇ, ಆದ್ರೆ ಚಿಕ್ಕದು, ರಿಸೀವರ್ ಮಾತ್ರ ಸಣ್ಣ ವೈರಲ್ಲಿ ಕಿವಿ ಒಳಗೆ ಹೋಗುತ್ತೆ, ತುದೀಲಿ ಮೆತ್ತನೆ ರಬ್ಬರ್ ಟೋಪಿ. ಅದಕ್ಕೆ ಡೋಮ್ ಅಂತಾರೆ. ಕೆಳಸ್ಥಾಯಿ ಚೆನ್ನಾಗಿ ಕೇಳಿ ಮೇಲ್ಸ್ಥಾಯಿ ಮಾತ್ರ ಹೋಗಿರೋ ವಯಸ್ಸಾದವರಿಗೆ ತೂತಿರೋ ಡೋಮ್ ಹಾಕಿದ್ರೆ ಕಿವಿ ಮುಚ್ಚಿದ ಹಾಗೆ ಅನ್ಸಲ್ಲ. ನಮ್ಮಮ್ಮಂದು ಇದೇ. ಒಂದೇ ತೊಂದ್ರೆ, ರಿಸೀವರ್ ಒಳಗಿರೋದ್ರಿಂದ ಗುಗ್ಗೆ ಮೆತ್ಕೊಳ್ಳುತ್ತೆ, ಅಲ್ಲೊಂದು ಸಾಸಿವೆ ಕಾಳಿಗಿಂತ ಚಿಕ್ಕ ಬಿಳೀ ಫಿಲ್ಟರ್ ಇರುತ್ತೆ, ಅದನ್ನ ಬದಲಾಯಿಸ್ತಾ ಇರಬೇಕು. "ಮೆಷಿನ್ ಸತ್ತೋಯ್ತು" ಅಂತ ಅಂಗಡಿಗೆ ತರೋದ್ರಲ್ಲಿ ಎಷ್ಟೋ ಈ ಫಿಲ್ಟರ್ ಕಟ್ಕೊಂಡಿರೋದೇ.

ಇನ್ನು ಕಿವಿ ಒಳಗೇ ಕೂರೋವು. ಐಟಿಇ ಹೊರಗಿವಿ ಬಟ್ಟಲು ತುಂಬುತ್ತೆ, ಐಟಿಸಿ ಅದಕ್ಕಿಂತ ಚಿಕ್ಕದು, ಸಿಐಸಿ ಪೂರ್ತಿ ಒಳಗೆ, ಐಐಸಿ ಇನ್ನೂ ಒಳಗೆ, ಹೊರಗಿಂದ ಕಾಣೋದೇ ಇಲ್ಲ. ಕಿವಿ ಒಳಗೆ ಪೇಸ್ಟ್ ಹಾಕಿ ಅಚ್ಚು ತೆಗೆದು ಆ ಅಳತೆಗೇ ಮಾಡ್ತಾರೆ. ಯಾರಿಗೂ ಗೊತ್ತಾಗಬಾರ್ದು ಅಂತ ಎಲ್ರೂ ಮೊದಲು ಕೇಳೋದು ಇದನ್ನೇ, ಆದ್ರೆ ಬ್ಯಾಟರಿ ಬಲು ಚಿಕ್ಕದು, ಬೇಗ ಮುಗಿಯುತ್ತೆ, ಬೆರಳಿಗೆ ಸಿಗಲ್ಲ, ಪವರ್ ಕಮ್ಮಿ, ಗುಗ್ಗೆ ಬೆವರು ನೇರವಾಗಿ ತಾಗುತ್ತೆ. ಎಪ್ಪತ್ತು ದಾಟಿ ಕಣ್ಣು ಮಂಜಾಗಿ ಬೆರಳು ಮರಗಟ್ಟೋರಿಗೆ ಸಿಐಸಿ ಕೊಡ್ಸೋದು ತಪ್ಪು.

ಇದಲ್ಲದೆ, ಹೊರಗಿವಿನೇ ಇಲ್ಲದೆ ಹುಟ್ಟಿದೋರಿಗೆ, ಯಾವಾಗಲೂ ಕಿವಿ ಸೋರೋರಿಗೆ ಮೂಳೆ ಮೂಲಕ ಸೌಂಡ್ ಕಳಿಸೋ ಬೋನ್ ಕಂಡಕ್ಷನ್ ಮೆಷಿನ್ ಇದೆ. ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿರೋರಿಗೆ ಕ್ರಾಸ್ ಅನ್ನೋದಿದೆ, ಹೋದ ಕಿವಿ ಕಡೆಯ ಸೌಂಡನ್ನ ವೈರ್‌ಲೆಸ್ ಆಗಿ ಒಳ್ಳೆ ಕಿವಿಗೆ ದಾಟಿಸುತ್ತೆ. ಕಾಕ್ಲಿಯರ್ ಇಂಪ್ಲಾಂಟ್ ಹಿಯರಿಂಗ್ ಏಡ್ ಅಲ್ಲ, ಅದು ಆಪರೇಷನ್ ಮಾಡಿ ನರಕ್ಕೆ ನೇರ ಕರೆಂಟ್ ಸಿಗ್ನಲ್ ಕೊಡೋದು, ಮೆಷಿನ್‌ನಿಂದ ಪ್ರಯೋಜನ ಆಗದೇ ಇರೋರಿಗೆ.

ಒಂದು ಕಿವಿಗೆ ಹಾಕಿದ್ರೆ ಸಾಲಲ್ವಾ?

ಎರಡೂ ಕಿವಿ ಮಂದ ಇದ್ರೆ ಎರಡಕ್ಕೂ ಹಾಕೋದು ಸರಿ. ರಸ್ತೇಲಿ ಹಾರ್ನ್ ಯಾವ ಕಡೆಯಿಂದ ಬಂತು ಅಂತ ಗೊತ್ತಾಗೋದು, ಮದುವೆ ಮನೆ ಗಲಾಟೇಲಿ ಪಕ್ಕದೋರ ಮಾತು ಬಿಡಿಸಿ ಕೇಳೋದು, ಇವೆಲ್ಲ ಎರಡು ಕಿವಿ ಕೆಲಸ. ದುಡ್ಡಿಲ್ಲ ಅಂದ್ರೆ ಒಂದು ದುಬಾರಿ ಮೆಷಿನ್ ಬದಲು ಎರಡು ಸಾಧಾರಣ ಮೆಷಿನ್ ತಗೊಳ್ಳಿ ಅಂತ ನಾನಂತೂ ಹೇಳ್ತೀನಿ.

ಆನ್‌ಲೈನಲ್ಲಿ ಸಾವಿರ ರೂಪಾಯಿಗೆ ಸಿಗುತ್ತಲ್ಲ?

ಅದು ಹಿಯರಿಂಗ್ ಏಡ್ ಅಲ್ಲ, ಸೌಂಡ್ ಜೋರು ಮಾಡೋ ಆಂಪ್ಲಿಫೈಯರ್. ನಿಮ್ಮ ರಿಪೋರ್ಟ್ ನೋಡಿ ಸೆಟ್ ಮಾಡೋಕೆ ಆಗಲ್ಲ, ಮಾತೂ ಜೋರು, ಫ್ಯಾನೂ ಜೋರು. ಎಷ್ಟು ಜೋರಾದ್ರೆ ನಿಲ್ಲಿಸಬೇಕು ಅನ್ನೋ ಮಿತಿ ಸರಿಯಾಗಿ ಇಲ್ಲದೇ ಇದ್ರೆ ಇರೋ ಕಿವಿಗೂ ಕೆಟ್ಟದ್ದು. ಇದನ್ನ ಹಾಕಿ ತಲೆನೋವು ಬಂದು "ಮೆಷಿನ್ ಸಹವಾಸಾನೇ ಬೇಡ" ಅಂತ ಕೂತಿರೋರನ್ನ ಮತ್ತೆ ಒಪ್ಪಿಸೋದು ಬಹಳ ಕಷ್ಟ.

ಏರ್‌ಪಾಡ್ಸ್ (ಆಪಲ್ ಕಂಪನಿಯ ವೈರ್‌ಲೆಸ್ ಇಯರ್‌ಫೋನ್) ಹಾಕಿದ್ರೂ ಆಗುತ್ತಂತೆ?

ಅಮೆರಿಕದಲ್ಲಿ 2022ರ ಅಕ್ಟೋಬರ್‌ನಿಂದ ಡಾಕ್ಟರ್ ಚೀಟಿ ಇಲ್ಲದೆ ಅಂಗಡೀಲೇ ಕೊಳ್ಳೋ ಹಿಯರಿಂಗ್ ಏಡ್‌ಗಳಿಗೆ ಅವಕಾಶ ಕೊಟ್ರು, 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಎಫ್‌ಡಿಎ (ಔಷಧಿ, ವೈದ್ಯಕೀಯ ಸಾಧನಗಳನ್ನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಏರ್‌ಪಾಡ್ಸ್ ಪ್ರೋ 2ರ ಹಿಯರಿಂಗ್ ಏಡ್ ಸಾಫ್ಟ್‌ವೇರ್‌ಗೂ ಒಪ್ಪಿಗೆ ಕೊಡ್ತು. ಆಗ ನಮ್ಮ ದೇಶದಲ್ಲಿ ಆ ಫೀಚರ್ ಬಂದಿರಲಿಲ್ಲ. ಬೆಂಗಳೂರಿನ ಒಂದಷ್ಟು ಹುಡುಗರು ಅಜ್ಜಿಗೋಸ್ಕರ ಅಂತ ಸಿಗ್ನಲ್ ತಡೆಯೋ ಪೆಟ್ಟಿಗೆ ಕಟ್ಟಿ, ಸಾಧನ ಅಮೆರಿಕದಲ್ಲೇ ಇದೆ ಅಂತ ಅದನ್ನ ನಂಬಿಸಿ ಆನ್ ಮಾಡಿಬಿಟ್ರು, ದೊಡ್ಡ ಸುದ್ದಿ ಆಗಿತ್ತು! ಒಳ್ಳೆ ತಲೆ. ಆದ್ರೆ ಅದು ಅಲ್ಪದಿಂದ ಮಧ್ಯಮ ಮಂದಕ್ಕೆ ಮಾತ್ರ, ಚಾರ್ಜ್ ಕೆಲವು ಗಂಟೆ ಬರುತ್ತೆ ಅಷ್ಟೇ, ಬೆಳಗಿಂದ ರಾತ್ರಿವರೆಗೂ ಹಾಕೋಕೆ ಆಗಲ್ಲ.

8 ಚಾನೆಲ್, 16 ಚಾನೆಲ್, ಎಐ ಅಂತೆಲ್ಲ ಹೇಳ್ತಾರೆ. ರೇಟ್ ಯಾಕೆ ಅಷ್ಟು ವ್ಯತ್ಯಾಸ?

ಒಂದು ಕಿವಿಗೆ ಹತ್ತು ಹದಿನೈದು ಸಾವಿರದಿಂದ ಹಿಡಿದು ಲಕ್ಷ ದಾಟೋವರೆಗೂ ಇದೆ. ಚಾನೆಲ್ ಅಂದ್ರೆ ಸೌಂಡನ್ನ ಎಷ್ಟು ಪಟ್ಟಿಗಳಾಗಿ ಒಡೆದು ಬೇರೆ ಬೇರೆ ಸೆಟ್ ಮಾಡಬಹುದು ಅನ್ನೋದು, ಒಂದು ಮಟ್ಟ ದಾಟಿದ ಮೇಲೆ ಕಿವಿಗೆ ಗೊತ್ತಾಗೋ ವ್ಯತ್ಯಾಸ ಕಮ್ಮಿ. ಮೇಲಿನ ರೇಟಲ್ಲಿ ನಿಜವಾಗಿ ಸಿಗೋದು ಗಲಾಟೆ ಇರೋ ಕಡೆ ಎದುರಿನವರ ಮಾತು ಎತ್ತಿ ಹಿಡಿಯೋ ಮೈಕ್, ಬ್ಲೂಟೂತ್, ಚಾರ್ಜಿಂಗ್. ಮನೇಲಿ ಇಬ್ಬರೇ ಇರೋ, ದೇವಸ್ಥಾನ ಬಿಟ್ರೆ ಎಲ್ಲೂ ಹೋಗದ ತಾತಂಗೆ ಎರಡು ಲಕ್ಷದ ಮೆಷಿನ್ ದಂಡ.

ಫೋನಾಕ್, ಓಟಿಕಾನ್, ಸಿಗ್ನಿಯಾ, ವೈಡೆಕ್ಸ್, ರಿಸೌಂಡ್, ಸ್ಟಾರ್ಕಿ, ಇವೆಲ್ಲ ದೊಡ್ಡ ಕಂಪನಿಗಳೇ, ಯಾವುದನ್ನೂ ತೆಗೆದುಹಾಕೋ ಹಾಗಿಲ್ಲ. ಕೇಳಬೇಕಾದ್ದು ಬೇರೆ: ನಮ್ಮೂರಲ್ಲಿ ಸರ್ವಿಸ್ ಇದೆಯಾ, ಟ್ರಯಲ್ ಕೊಡ್ತೀರಾ, ವಾರಂಟಿ ಎಷ್ಟು ವರ್ಷ, ಫ್ರೀ ಪ್ರೋಗ್ರಾಮಿಂಗ್ ಎಷ್ಟು ಸಲ, ಆಮೇಲೆ "ರಿಯಲ್ ಇಯರ್ ಟೆಸ್ಟ್ ಮಾಡ್ತೀರಾ?". ಇದೇ ದೊಡ್ಡ ಪ್ರಶ್ನೆ. ಕಿವಿ ಒಳಗೆ ಕೂದಲೆಳೆಯಂಥ ಟ್ಯೂಬ್ ಬಿಟ್ಟು, ಮೆಷಿನ್ ಹಾಕಿ, ತಮಟೆ ಹತ್ರ ನಿಜಕ್ಕೂ ಎಷ್ಟು ಸೌಂಡ್ ಬರ್ತಿದೆ ಅಂತ ಕಂಪ್ಯೂಟರಲ್ಲಿ ನೋಡೋದು. ಇದನ್ನ ಮಾಡೋ ಕಡೆ ತಗೊಂಡ ಇಪ್ಪತ್ತು ಸಾವಿರದ ಮೆಷಿನ್, ಅಂದಾಜಲ್ಲಿ ಸೆಟ್ ಮಾಡಿದ ಲಕ್ಷದ ಮೆಷಿನ್‌ಗಿಂತ ಚೆನ್ನಾಗಿ ಕೇಳಿಸಬಹುದು. ಇನ್ನೊಂದು, ಹಿಯರಿಂಗ್ ಏಡ್‌ಗೆ ಜಿಎಸ್‌ಟಿ ಇಲ್ಲ, ಬಿಲ್ಲಲ್ಲಿ ಸೇರಿಸಿದ್ರೆ ಕೇಳಿ.

ಹಾಕಿದ ದಿನದಿಂದ "ಬರೀ ಗಲಾಟೆ" ಅಂತ ಅಮ್ಮ ತೆಗೆದಿಡ್ತಾರೆ. ಏನ್ ಮಾಡೋದು?

ಎಲ್ಲರ ಮನೆ ಕಥೇನೂ ಇದೇ. ವರ್ಷಗಟ್ಟಲೆ ಕೇಳದೇ ಇದ್ದ ಫ್ಯಾನ್ ಸದ್ದು, ಸಿಂಕಲ್ಲಿ ಸ್ಟೀಲ್ ಪಾತ್ರೆ ಬೀಳೋದು, ಒಗ್ಗರಣೆ ಚಟಪಟ, ನ್ಯೂಸ್‌ಪೇಪರ್ ಮಡಿಸೋದು, ತಮ್ಮದೇ ಚಪ್ಪಲಿ ಸದ್ದು, ಎಲ್ಲಾ ಒಟ್ಟಿಗೆ ಬಂದು ಮುತ್ಕೊಳ್ಳುತ್ತೆ. ಯಾವುದು ಬೇಕು ಯಾವುದು ಬೇಡ ಅಂತ ಮೆದುಳು ಮತ್ತೆ ಕಲೀಬೇಕು, ಅದಕ್ಕೆ ವಾರಗಳು ಹಿಡಿಯುತ್ತೆ. ಮೊದಲು ಮನೆ ಒಳಗೆ, ಶಾಂತವಾಗಿರೋ ಹೊತ್ತಲ್ಲಿ ಎರಡು ಮೂರು ಗಂಟೆ, ಒಬ್ಬರ ಜೊತೆ ಮಾತಾಡೋವಾಗ, ಆಮೇಲೆ ಟಿವಿ, ಆಮೇಲೆ ಹೊರಗೆ. ಮೊದಲನೇ ದಿನವೇ ಮದುವೆ ಛತ್ರಕ್ಕೆ ಹಾಕ್ಕೊಂಡು ಹೋದ್ರೆ ಮುಗೀತು ಕಥೆ. ಏನು ಹಿಂಸೆ ಅಂತ ಒಂದು ಚೀಟೀಲಿ ಬರ್ದಿಟ್ಟು, "ಪಾತ್ರೆ ಸದ್ದು ಚುಚ್ಚುತ್ತೆ", "ನನ್ನ ದನಿ ಬಾವಿ ಒಳಗಿಂದ ಬಂದಂಗಿದೆ" ಅಂತ ಅವರ ಮಾತಲ್ಲೇ ಆಡಿಯಾಲಜಿಸ್ಟ್‌ಗೆ ಹೇಳಿದ್ರೆ ಅವರಿಗೆ ಏನು ತಿರುಗಿಸಬೇಕು ಅಂತ ತಕ್ಷಣ ಗೊತ್ತಾಗುತ್ತೆ. ಸುಮ್ನೆ "ಸರಿ ಇಲ್ಲ" ಅಂದ್ರೆ ಅವರೂ ಏನು ಮಾಡ್ತಾರೆ.

ಫೋನಲ್ಲಿ ಮಾತಾಡೋವಾಗ ಬಿಟಿಇ ಇದ್ರೆ ಫೋನನ್ನ ಕಿವಿ ತೂತಿಗೆ ಅಲ್ಲ, ಸ್ವಲ್ಪ ಮೇಲೆ, ಮೆಷಿನ್‌ನ ಮೈಕ್ ಹತ್ರ ಹಿಡೀಬೇಕು. ಇದನ್ನ ತೋರಿಸಿಕೊಡದೇ "ಫೋನ್ ಕೇಳಲ್ಲ" ಅಂತ ಮೆಷಿನ್ನನ್ನ ಬೈಯೋರು ಬೇಕಾದಷ್ಟು ಜನ.

ಕುಂಯ್ ಅಂತ ವಿಸಿಲ್ ಹೊಡೆಯುತ್ತೆ ಯಾಕೆ?

ರಿಸೀವರ್ ಸೌಂಡ್ ಹೊರಗೆ ಸೋರಿ ಮತ್ತೆ ಮೈಕ್‌ಗೆ ಹೋದ್ರೆ ಹಾಗಾಗುತ್ತೆ. ಅಚ್ಚು ಸಡಿಲ, ಸರಿಯಾಗಿ ಒಳಗೆ ಕೂತಿಲ್ಲ, ಅಥವಾ ಗುಗ್ಗೆ ಅಡ್ಡ. ಸ್ಕೂಟರ್ ಹೆಲ್ಮೆಟ್ ಒಳಗೆ ಹೊಡೆಯೋದು ಮಾಮೂಲು.

ಬ್ಯಾಟರಿದಾ, ಚಾರ್ಜಿಂಗ್‌ದಾ?

ಬೆರಳು ನಡುಗಿದ್ರೆ ಚಾರ್ಜಿಂಗ್. ಕರೆಂಟ್ ನೆಚ್ಚಿಕೊಳ್ಳೋಕೆ ಆಗದ ಊರಾದ್ರೆ ಬ್ಯಾಟರಿ. ಬ್ಯಾಟರಿ ಸೈಜ್ ಸ್ಟಿಕ್ಕರ್ ಬಣ್ಣದಲ್ಲಿ ಗೊತ್ತಾಗುತ್ತೆ: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಇವು ಗಾಳಿ ತಾಗಿದ್ರೆ ಕೆಲಸ ಮಾಡೋ ಜಿಂಕ್ ಬ್ಯಾಟರಿಗಳು, ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಿ, ಕಿತ್ತ ಸ್ಟಿಕ್ಕರ್ ಮತ್ತೆ ಅಂಟಿಸಿದ್ರೆ ಉಳಿತಾಯ ಏನೂ ಆಗಲ್ಲ. ರಾತ್ರಿ ಮೆಷಿನ್‌ನ ಬ್ಯಾಟರಿ ಬಾಗಿಲು ತೆಗೆದಿಡಿ. ಮೊಮ್ಮಕ್ಕಳ ಕೈಗೆ ಸಿಗೋ ಹಾಗೆ ಮಾತ್ರ ಇಡಬೇಡಿ, ನುಂಗಿದ್ರೆ ತಕ್ಷಣ ಆಸ್ಪತ್ರೆ.

ಸ್ನಾನ, ಮಳೆ, ಎಣ್ಣೆ?

ಸ್ನಾನಕ್ಕೆ, ಮಲಗೋಕೆ ತೆಗೀಬೇಕು. ಎಣ್ಣೆಸ್ನಾನದ ದಿನ ತಲೆ ಒರೆಸಿ ಕಿವಿ ಒಣಗಿದ ಮೇಲೇ ಹಾಕಿ. ಕಿವಿಗೆ ಬಿಸಿ ಕೊಬ್ಬರಿ ಎಣ್ಣೆ ಬೆಳ್ಳುಳ್ಳಿ ಎಣ್ಣೆ ಬಿಡೋ ಅಭ್ಯಾಸ ಬಿಟ್ಬಿಡಿ, ಮೆಷಿನ್‌ಗೂ ಕೇಡು, ತಮಟೆ ತೂತಿದ್ರೆ ಕಿವಿಗೂ ಕೇಡು. ಕರಾವಳಿ ಮಲೆನಾಡಲ್ಲಿ ಮಳೆಗಾಲಕ್ಕೆ ಟ್ಯೂಬ್ ಒಳಗೆ ನೀರಿನ ಹನಿ ಕೂರುತ್ತೆ, ಸಿಲಿಕಾ ಜೆಲ್ ಡಬ್ಬೀಲಿ ರಾತ್ರಿ ಇಡಿ, ಅಕ್ಕಿ ಡಬ್ಬ ಬೇಡ.

ಮಗುಗೆ ಕೇಳ್ತಿಲ್ಲ ಅನ್ಸುತ್ತೆ. ಎರಡು ವರ್ಷ ನೋಡೋಣ ಅಂತಾರೆ ಅತ್ತೆ.

ಕಾಯಬೇಡಿ. ಹುಟ್ಟಿದ ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಖಚಿತ ಟೆಸ್ಟ್, ಆರು ತಿಂಗಳೊಳಗೆ ಮೆಷಿನ್, ಇದು ಪ್ರಪಂಚದ ಎಲ್ಲಾ ಕಡೆ ಹೇಳೋ ಲೆಕ್ಕ. ಮಗು ಬಟನ್ ಒತ್ತಬೇಕಾಗಿಲ್ಲ, ನಿದ್ದೆ ಮಾಡ್ತಿದ್ರೂ ಓಎಇ (ಒಳಕಿವಿ ನೋಡೋದು), ಬೇರಾ (ಕಿವಿಯಿಂದ ಮೆದುಳಿಗೆ ಹೋಗೋ ನರ ನೋಡೋದು) ಟೆಸ್ಟ್ ಆಗುತ್ತೆ. "ಅವರಪ್ಪಾನೂ ತಡವಾಗಿ ಮಾತಾಡಿದ್ದು" ಅಂತ ಅತ್ತೆಯೋರು ಪ್ರೀತಿಯಿಂದಲೇ ಹೇಳ್ತಾರೆ, ಆದ್ರೆ ಮಾತು ಕಲಿಯೋ ವರ್ಷಗಳು ಹೋದ್ರೆ ವಾಪಸ್ ಬರಲ್ಲ. ಮೆಷಿನ್ ಹಾಕಿದ ಮೇಲೆ ದಿನಾ ಬೆಳಿಗ್ಗೆ ಬಾಯಿ ಮುಚ್ಕೊಂಡು, ಅಂದ್ರೆ ಮಗುಗೆ ತುಟಿ ಕಾಣದ ಹಾಗೆ, ಆ, ಈ, ಊ, ಮ್, ಶ್, ಸ್ ಅಂತ ಒಂದೊಂದಾಗಿ ಹೇಳಿ, ಮಗು ತಿರುಗುತ್ತಾ ನೋಡಿ. ಕೆಳಸ್ಥಾಯಿಯಿಂದ ಮೇಲ್ಸ್ಥಾಯಿವರೆಗೂ ಈ ಆರರಲ್ಲೇ ಬಂದ್ಬಿಡುತ್ತೆ. ಸ್ ಒಂದಕ್ಕೇ ತಿರುಗಲಿಲ್ಲ ಅಂದ್ರೆ ಅದನ್ನೇ ಆಡಿಯಾಲಜಿಸ್ಟ್‌ಗೆ ಹೇಳಿ. ಕಿವಿ ಬೆಳೀತಾ ಇರೋದ್ರಿಂದ ಅಚ್ಚು ಕೆಲವು ತಿಂಗಳಿಗೊಮ್ಮೆ ಹೊಸದು ಮಾಡಿಸಬೇಕು. ಮೆಷಿನ್ ಜೊತೆ ಸ್ಪೀಚ್ ಥೆರಪಿ ಇಲ್ಲದಿದ್ರೆ ಅರ್ಧ ಕೆಲಸ ಆದಂಗೆ.

ಸರ್ಕಾರದಿಂದ ಸಿಗುತ್ತಾ?

ಸಿಗುತ್ತೆ. ಅಂಗವಿಕಲರಿಗೆ ಸಾಧನ ಕೊಡೋ ಕೇಂದ್ರದ ಅಡಿಪ್ ಯೋಜನೇಲಿ ಆದಾಯ ಮಿತಿಯೊಳಗಿರೋರಿಗೆ ಉಚಿತ ಅಥವಾ ಅರ್ಧ ರೇಟಿಗೆ. ಶೇಕಡಾ 40 ಅಥವಾ ಜಾಸ್ತಿ ಇರೋ ಅಂಗವಿಕಲತೆ ಸರ್ಟಿಫಿಕೇಟ್ ಬೇಕು, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸ್ಕೊಂಡಿದ್ರೆ ಸುಲಭ. 2016ರ ಕಾಯ್ದೆ ಪ್ರಕಾರ ಎರಡೂ ಕಿವೀಲಿ 60 ಡೆಸಿಬೆಲ್ ಅಥವಾ ಮೇಲಿದ್ರೆ ಮಾತ್ರ ಲೆಕ್ಕಕ್ಕೆ ಬರೋದು, ಒಂದೇ ಕಿವಿ ಹೋಗಿರೋರಿಗೆ, ಮಧ್ಯಮ ಮಂದದವರಿಗೆ ಕಷ್ಟ, ಇದು ನನಗೆ ಸರಿ ಕಾಣಲ್ಲ. ಬಿಪಿಎಲ್ ಕಾರ್ಡಿರೋ ಅರವತ್ತು ದಾಟಿದವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ, ಕ್ಯಾಂಪ್ ಮಾಡಿ ಕೊಡ್ತಾರೆ. ಮೈಸೂರಿನ ಸಂಸ್ಥೇಲಿ ರಿಯಾಯಿತಿ ದರದಲ್ಲೂ ಸಿಗುತ್ತೆ. ಕ್ಯಾಂಪಲ್ಲಿ ಕೊಟ್ಟ ಮೆಷಿನ್ ಡಬ್ಬದಿಂದ ತೆಗೆದು ಹಾಗೇ ಹಾಕ್ಕೋಬೇಡಿ, ರಿಪೋರ್ಟ್ ತಗೊಂಡು ಹೋಗಿ ಸೆಟ್ ಮಾಡಿಸ್ಕೊಳ್ಳಿ.

ಮೆಷಿನ್ ಹಾಕಿದ್ರೆ ಮರೆವು ಬರಲ್ಲ ಅಂತಾರೆ, ನಿಜಾನಾ?

ಪೂರ್ತಿ ಹಾಗೆ ಹೇಳೋಕಾಗಲ್ಲ. 2023ರಲ್ಲಿ ಬಂದ ಅಚೀವ್ ಅನ್ನೋ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಎಲ್ಲರನ್ನೂ ಸೇರಿಸಿ ನೋಡಿದಾಗ ಮೂರು ವರ್ಷದಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದ್ರೆ ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಲ್ಲಿ ಬುದ್ಧಿಶಕ್ತಿ ಕುಂದೋದು 48% ನಿಧಾನ ಆಗಿತ್ತು. ಮಾರೋರು ಎರಡನೇದನ್ನ ಮಾತ್ರ ಹೇಳ್ತಾರೆ.

ನಿನ್ನೆ ರಾತ್ರಿಯಿಂದ ಒಂದು ಕಿವಿ ಇದ್ದಕ್ಕಿದ್ದಂತೆ ಬಂದ್ ಆಗಿದೆ. ಮೆಷಿನ್ ತಗೊಳ್ಲಾ?

ಇದನ್ನ ಓದೋದು ಬಿಟ್ಟು ಇವತ್ತೇ ಇಎನ್‌ಟಿ ಹತ್ರ ಹೋಗಿ. ಇದ್ದಕ್ಕಿದ್ದಂತೆ ನರದ ಕೇಳ್ವಿಕೆ ಹೋದ್ರೆ ಬೇಗ ಸ್ಟೆರಾಯ್ಡ್ ಕೊಟ್ರೆ ಎಷ್ಟೋ ಜನಕ್ಕೆ ವಾಪಸ್ ಬರುತ್ತೆ, ದಿನ ಕಳೆದಷ್ಟೂ ಚಾನ್ಸ್ ಕಮ್ಮಿ.

ತೀರಿಹೋದ ಅಜ್ಜಿ ಮೆಷಿನ್ ಇದೆ, ಚಿಕ್ಕಪ್ಪ ಹಾಕ್ಕೋಬಹುದಾ?

ಬಿಟಿಇ, ಆರ್‌ಐಸಿ ಆದ್ರೆ ಆಗಬಹುದು. ಚಿಕ್ಕಪ್ಪಂಗೆ ಟೆಸ್ಟ್ ಮಾಡಿಸಿ, ಆ ಮೆಷಿನ್‌ನ ಪವರ್ ಅವರಿಗೆ ಸಾಕಾ ನೋಡಿ, ಅಜ್ಜಿ ಸೆಟ್ಟಿಂಗ್ ಪೂರ್ತಿ ಅಳಿಸಿ ಹೊಸದಾಗಿ ಪ್ರೋಗ್ರಾಮ್ ಮಾಡಿಸಬೇಕು, ಅಚ್ಚು ಅಥವಾ ಡೋಮ್ ಹೊಸದು ಹಾಕಿಸಬೇಕು. ಕಿವಿ ಒಳಗೆ ಕೂರೋ ಸಿಐಸಿ, ಐಟಿಸಿ ಆದ್ರೆ ಅಜ್ಜಿ ಕಿವಿ ಅಳತೆಗೆ ಮಾಡಿರೋದು, ಇನ್ನೊಬ್ಬರಿಗೆ ಕೂರಲ್ಲ. ಸಾಮಾನ್ಯವಾಗಿ ಒಂದು ಮೆಷಿನ್ ಐದಾರು ವರ್ಷ ಚೆನ್ನಾಗಿ ನಡೆಯುತ್ತೆ, ಅದಕ್ಕಿಂತ ಹಳೇದಾದ್ರೆ ಪಾರ್ಟ್ ಸಿಗುತ್ತಾ ಅಂತ ಮೊದಲು ಸರ್ವಿಸ್ ಸೆಂಟರ್‌ಗೆ ಸೀರಿಯಲ್ ನಂಬರ್ ಹೇಳಿ ಕೇಳಿ. ನಂಬರ್ ಬ್ಯಾಟರಿ ಬಾಗಿಲ ಒಳಗೆ ಅಥವಾ ಮೆಷಿನ್ ಹಿಂದೆ ಇರುತ್ತೆ, ಬರೀ ಕಣ್ಣಿಗೆ ಕಾಣಲ್ಲ, ಫೋನಲ್ಲಿ ಫೋಟೋ ತೆಗೆದು ಝೂಮ್ ಮಾಡಿ ನೋಡಿ.